‘ಹೊರಗಿನವರು’ ಅಂದ್ರೆ ಯಾರು ಸ್ವಾಮಿ?

ಮೊದಲೇ ಹೇಳಿಬಿಡುತ್ತೇನೆ, ನಾನಿರೋದು ಪುಟ್ಟೇನಹಳ್ಳಿಯಲ್ಲಿ. ಜೆ.ಪಿ. ನಗರದ ಪಕ್ಕದ ಪುಟ್ಟೇನಹಳ್ಳಿ ಅಲ್ಲ, ಯಲಹಂಕದ್ದು. ಆಟೋದವರಿಗೂ ಪಾರ್ಸೆಲ್ ತರುವ ಹುಡುಗರಿಗೂ ಇದನ್ನು ಹೇಳಿ ಹೇಳಿ ಬಾಯಿಪಾಠ ಆಗಿದೆ. ನಮ್ಮದು ಹಕ್ಕಿಗಳ ಕೆರೆ ಇರುವ ಪುಟ್ಟೇನಹಳ್ಳಿ. ವಿಧಾನಸಭೆಗೆ ಯಲಹಂಕ ಕ್ಷೇತ್ರ. ಲೋಕಸಭೆಗೆ ಮಾತ್ರ ನಾವು ಬೆಂಗಳೂರಿನವರೇ ಅಲ್ಲ, ಚಿಕ್ಕಬಳ್ಳಾಪುರದವರು! ಬಾಗೇಪಲ್ಲಿ, ಗೌರಿಬಿದನೂರು, ಹೊಸಕೋಟೆ, ನೆಲಮಂಗಲ ಎಲ್ಲ ಸೇರಿಸಿ ಕಟ್ಟಿದ ಮೂಟೆಯಲ್ಲಿ ನಮ್ಮದೂ ಒಂದು ಗಂಟು.

ಕಳೆದ ಭಾನುವಾರ ನಮ್ಮ ಸೋದರಮಾವ ಮನೆಗೆ ಬಂದಿದ್ದರು. ಮಾವ ಒಂದು ಪಕ್ಷದ ಬೂತ್ ಮಟ್ಟದ ಕಾರ್ಯಕರ್ತ. ಯಾವ ಪಕ್ಷ ಅಂತ ಹೇಳೋದಿಲ್ಲ, ಹೇಳಿದರೆ ಮುಂದಿನ ಯುಗಾದಿಗೆ ಅತ್ತೆ ಮನೆಯ ಹೋಳಿಗೆ ಕಟ್ ಆಗುತ್ತದೆ :) ಇಪ್ಪತ್ತೈದು ವರ್ಷದಿಂದ ಬಾವುಟ ಕಟ್ಟಿದ್ದಾರೆ, ವೋಟರ್ ಸ್ಲಿಪ್ ಹಂಚಿದ್ದಾರೆ, ಮತದಾನದ ದಿನ ಬೆಳಗ್ಗೆ ಆರಕ್ಕೇ ಟಿಫನ್ ಕ್ಯಾರಿಯರ್ ಹಿಡಿದು ಏಜೆಂಟ್ ಆಗಿ ಹೋಗಿ ಕೂತಿದ್ದಾರೆ. ಕಾರ್ಪೊರೇಟರ್ ಆಗಬೇಕು ಅಂತ ಕನಸು ಕಂಡವರೇನಲ್ಲ. ಅದೊಂದು ಹುಚ್ಚು, ಅಷ್ಟೇ. ಕೆಲವರಿಗೆ ಕ್ರಿಕೆಟ್ಟು, ಇವರಿಗೆ ಪಕ್ಷ.

ಕಾಫಿ ಕುಡೀತಾ ಮಾತು 2024ರ ಲೋಕಸಭಾ ಚುನಾವಣೆ ಕಡೆ ಹೊರಳಿತು. ಕಾಲೆಳೆಯೋಣ ಅಂತ ಕೇಳಿದೆ: "ಮಾವ, ಮಾರ್ಚ್‌ನಲ್ಲಿ ಈ ಕ್ಯಾಂಡಿಡೇಟು ಬೇಡವೇ ಬೇಡ ಅಂತ ಕೂಗಾಡ್ತಿದ್ರಿ. ಏಪ್ರಿಲ್‌ನಲ್ಲಿ ಅವರದ್ದೇ ಕರಪತ್ರ ನಮ್ಮನೆ ಬಾಗಿಲಿಗೆ ತಂದ್ರಲ್ಲ?"

ಮಾವ ನಗಲಿಲ್ಲ. "ಏನ್ ಮಾಡೋದು ಕಣೋ. ಬಿ ಫಾರಂ ಯಾರಿಗೆ ಬರುತ್ತೋ ಅವ್ರೇ ನಮ್ ಕ್ಯಾಂಡಿಡೇಟು. ನಮ್ಮನ್ನ ಯಾರು ಕೇಳ್ತಾರೆ? ಆದ್ರೆ ಮನೆ ಮನೆಗೆ ಹೋಗಿ ಬೈಸ್ಕೊಳ್ಳೋರು ಮಾತ್ರ ನಾವು."

ತಮಾಷೆಗೆ ಕೇಳಿದ ನನಗೆ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಾಯಿತು. ಅದನ್ನೇ ಇಲ್ಲಿ ಕಕ್ಕುತ್ತಿದ್ದೇನೆ.

ಮೊದಲು 2024ರಲ್ಲಿ ನಮ್ಮ ಕ್ಷೇತ್ರದಲ್ಲಿ ನಡೆದ ಕಥೆ ನೆನಪು ಮಾಡಿಕೊಳ್ಳೋಣ. ಬಿಜೆಪಿ ಟಿಕೆಟ್ ಡಾ. ಕೆ. ಸುಧಾಕರ್ ಅವರಿಗೆ ಸಿಕ್ಕಿತು. ಇವರು 2013 ಮತ್ತು 2018ರಲ್ಲಿ ಕಾಂಗ್ರೆಸ್ಸಿನಿಂದ ಚಿಕ್ಕಬಳ್ಳಾಪುರದ ಶಾಸಕರಾಗಿದ್ದವರು. 2019ರ ಜುಲೈನಲ್ಲಿ ರಾಜೀನಾಮೆ ಕೊಟ್ಟ ಗುಂಪಿನಲ್ಲಿದ್ದರು, ಅನರ್ಹರಾದರು, ಅದೇ ಡಿಸೆಂಬರ್ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದರು, ಕೊರೋನಾ ಕಾಲದಲ್ಲಿ ಮಂತ್ರಿಯಾಗಿ ದಿನಾ ಟಿವಿಯಲ್ಲಿ ಕಂಡರು, 2023ರಲ್ಲಿ ಸೋತರು. ಸೋತು ವರ್ಷ ತುಂಬುವ ಮೊದಲೇ ಲೋಕಸಭೆ ಟಿಕೆಟ್. ಇತ್ತ 2008ರಿಂದ ಯಲಹಂಕದಲ್ಲಿ ಸತತವಾಗಿ ಗೆಲ್ಲುತ್ತಿರುವ ಎಸ್.ಆರ್. ವಿಶ್ವನಾಥ್ ಅವರಿಗೆ ಸಿಟ್ಟು ಬಂತು. ಸಮಾಧಾನ ಮಾಡಲು ಸುಧಾಕರ್ ಮನೆಗೆ ಹೋದರೆ ವಿಶ್ವನಾಥ್ ಸಿಗಲೇ ಇಲ್ಲ. ಅದು ಟಿವಿ ಚಾನೆಲ್‌ಗಳಿಗೆ ಹಬ್ಬವಾಯಿತು. ಸುಧಾಕರ್ ಹೊರಗಿನವರು, ವಲಸಿಗರು, ಪಕ್ಷಕ್ಕೆ ದುಡಿದವರ ಗತಿಯೇನು ಅನ್ನೋ ಮಾತು ಬೀದಿ ಬೀದಿಯಲ್ಲಿ ಕೇಳಿಸಿತು.

ಕೇಳಲು ನ್ಯಾಯವಾಗಿಯೇ ಇತ್ತು. ಆದರೆ ಆ ಟಿಕೆಟ್ಟನ್ನು ವಿಶ್ವನಾಥ್ ಕೇಳಿದ್ದು ಯಾರಿಗೆ? ಮಗ ಅಲೋಕ್ ವಿಶ್ವನಾಥ್‌ಗೆ. ಇಪ್ಪತ್ತೈದು ವರ್ಷ ಸ್ಲಿಪ್ ಹಂಚಿದ ಯಾವುದೋ ಬೂತ್ ಅಧ್ಯಕ್ಷನಿಗಲ್ಲ.

ಆ ಕಡೆ ಕಾಂಗ್ರೆಸ್ಸೇನು ಕಡಿಮೆಯೇ? 2009 ಮತ್ತು 2014ರಲ್ಲಿ ಇಲ್ಲಿಂದ ಗೆದ್ದಿದ್ದ ವೀರಪ್ಪ ಮೊಯ್ಲಿಯವರಿಗೂ 2024ರಲ್ಲಿ ಟಿಕೆಟ್ ಬೇಕಿತ್ತು. ಕೊನೆಗೆ ಸಿಕ್ಕಿದ್ದು ರಕ್ಷಾ ರಾಮಯ್ಯ ಅವರಿಗೆ, ಮಾಜಿ ಮಂತ್ರಿ ಎಂ.ಆರ್. ಸೀತಾರಾಂ ಅವರ ಮಗ. ಅಂದಹಾಗೆ ಮೊಯ್ಲಿಯವರೇನು ನಂದಿ ಬೆಟ್ಟದ ತಪ್ಪಲಿನವರಾ? ಕಾರ್ಕಳದವರು. ಆದರೂ ಎರಡು ಸಲ ಗೆದ್ದರು.

ಹಾಗಾಗಿ ನನ್ನ ಮೊದಲ ತಕರಾರು ಈ ‘ಹೊರಗಿನವರು’ ಅನ್ನೋ ಪದದ ಮೇಲೇ. ನಮ್ಮ ರಾಜಕೀಯ ನಿಘಂಟಿನಲ್ಲಿ ಅದರ ಅರ್ಥ ಒಂದೇ: ನಮ್ಮ ಮಗ ಅಲ್ಲದವರು. ಅಥವಾ ನಮ್ಮ ಗುಂಪಿನವರಲ್ಲದವರು. ಊರು, ಸಿದ್ಧಾಂತ, ಸೇವೆ ಇವೆಲ್ಲ ಮೈಕಿಗೆ ಮಾತ್ರ.

ನಂಬಿಕೆ ಬರಲಿಲ್ಲವೇ? ಪಕ್ಕದ ಬೆಂಗಳೂರು ಉತ್ತರ ಕ್ಷೇತ್ರ ನೋಡಿ. ಹೆಬ್ಬಾಳ, ಯಶವಂತಪುರ, ಬ್ಯಾಟರಾಯನಪುರ ಎಲ್ಲ ಅದಕ್ಕೇ ಸೇರಿದ್ದು. ನಮ್ಮನೆಯಿಂದ ಬೈಕಿನಲ್ಲಿ ಹತ್ತು ನಿಮಿಷ ಹೋದರೆ ಕ್ಷೇತ್ರ ಬದಲಾಗುತ್ತದೆ. 2014ರಲ್ಲಿ ಅಲ್ಲಿ ಗೆದ್ದವರು ಡಿ.ವಿ. ಸದಾನಂದ ಗೌಡರು. ಸುಳ್ಯದವರು, ಅದಕ್ಕೂ ಮೊದಲು ಉಡುಪಿ-ಚಿಕ್ಕಮಗಳೂರಿನ ಸಂಸದರಾಗಿದ್ದವರು. 2024ರಲ್ಲಿ ಅವರಿಗೆ ಟಿಕೆಟ್ ತಪ್ಪಿಸಿ ಕೊಟ್ಟಿದ್ದು ಶೋಭಾ ಕರಂದ್ಲಾಜೆಯವರಿಗೆ. ಅವರೂ ಉಡುಪಿ-ಚಿಕ್ಕಮಗಳೂರಿನ ಸಂಸದರೇ! ಅಲ್ಲಿನ ಕಾರ್ಯಕರ್ತರು ‘ಗೋ ಬ್ಯಾಕ್ ಶೋಭಾ’ ಅಂತ ಅಭಿಯಾನ ಮಾಡಿದ್ದರು. ಪಕ್ಷ ಅದನ್ನು ಕೇಳಿಸಿಕೊಂಡು ಅವರನ್ನು ಇಲ್ಲಿಗೆ ಕಳಿಸಿತು, ಇಲ್ಲೂ ಅದೇ ಕೂಗು ಎದ್ದಿತು. ಆದರೆ 2008ರಲ್ಲಿ ಯಶವಂತಪುರದಿಂದ ಶಾಸಕಿಯಾಗಿ ಗೆದ್ದವರೂ ಇದೇ ಶೋಭಾ. ಈಗ ಹೇಳಿ, ಅವರು ಒಳಗಿನವರೋ ಹೊರಗಿನವರೋ? ಮತದಾರ ತಲೆ ಕೆಡಿಸಿಕೊಳ್ಳಲಿಲ್ಲ, ಗೆಲ್ಲಿಸಿದ. ನಮ್ಮ ಕಡೆಯೂ ಅಷ್ಟೇ. ಸುಧಾಕರ್ 1,63,460 ಮತಗಳ ಅಂತರದಿಂದ ಗೆದ್ದರು.

ಮತದಾರನಿಗೆ ಇದು ಸಮಸ್ಯೆಯೇ ಅಲ್ಲ ಅಂತಾದರೆ ನಿನಗೇನಪ್ಪ ಕಷ್ಟ ಅಂತ ನೀವು ಕೇಳಬಹುದು. ಸಮಸ್ಯೆ ಇರೋದು ಮತದಾರನಿಗೂ ಅಭ್ಯರ್ಥಿಗೂ ನಡುವೆ ಇರುವ ನಮ್ಮ ಮಾವನಂಥವರಿಗೆ.

ಹೊಸಕೋಟೆಯ ಉದಾಹರಣೆ ಕೊಡುತ್ತೇನೆ. ಅದೂ ನಮ್ಮ ಲೋಕಸಭಾ ಕ್ಷೇತ್ರಕ್ಕೇ ಸೇರಿದ್ದು. 2018ರಲ್ಲಿ ಕಾಂಗ್ರೆಸ್ಸಿನ ಎಂ.ಟಿ.ಬಿ. ನಾಗರಾಜ್ ಬಿಜೆಪಿಯ ಶರತ್ ಬಚ್ಚೇಗೌಡರನ್ನು ಸೋಲಿಸಿದರು. 2019ರ ಉಪಚುನಾವಣೆಗೆ ಎಂ.ಟಿ.ಬಿ. ಬಿಜೆಪಿ ಅಭ್ಯರ್ಥಿ. ಶರತ್ ಪಕ್ಷೇತರರಾಗಿ ನಿಂತರು, ಬಿಜೆಪಿ ಅವರನ್ನು ಉಚ್ಚಾಟಿಸಿತು, ಶರತ್ ಗೆದ್ದರು. ಸೋತ ಎಂ.ಟಿ.ಬಿ. ವಿಧಾನ ಪರಿಷತ್ತಿನ ಬಾಗಿಲಿಂದ ಒಳಗೆ ಬಂದು ಮಂತ್ರಿಯಾದರು. 2023ರಲ್ಲಿ ಶರತ್ ಕಾಂಗ್ರೆಸ್ ಅಭ್ಯರ್ಥಿ, ಎಂ.ಟಿ.ಬಿ. ಬಿಜೆಪಿ ಅಭ್ಯರ್ಥಿ, ಮತ್ತೆ ಶರತ್ ಗೆದ್ದರು. ಐದು ವರ್ಷದಲ್ಲಿ ಇಬ್ಬರು ನಾಯಕರು ಪೂರ್ತಿ ಜಾಗ ಅದಲು ಬದಲು ಮಾಡಿಕೊಂಡರು. ಅವರಿಗೇನೂ ನಷ್ಟವಿಲ್ಲ. 2018ರಲ್ಲಿ ಎಂ.ಟಿ.ಬಿ.ಗೆ ಬೈದು ಓಟು ಕೇಳಿದ್ದ ಬಿಜೆಪಿ ಕಾರ್ಯಕರ್ತ 2019ರಲ್ಲಿ ಅದೇ ಮನೆ ಬಾಗಿಲಿಗೆ ಹೋಗಿ ಏನು ಹೇಳಬೇಕಿತ್ತು? 2023ರಲ್ಲಿ ಕಾಂಗ್ರೆಸ್ ಕಾರ್ಯಕರ್ತ? ಆ ಮನೆಯವರು ನಾಯಕರಿಗೆ ಏನೂ ಅನ್ನೋದಿಲ್ಲ, ನಾಯಕರು ಕೈಗೇ ಸಿಗೋದಿಲ್ಲ. ಅನ್ನೋದು ದಿನಾ ಬೆಳಗ್ಗೆ ಹಾಲಿನ ಬೂತಿನಲ್ಲಿ ಸಿಗುವ ಇವನಿಗೆ.

ಇನ್ನು ‘ಜನಪ್ರಿಯ ಹೊರಗಿನವರು’ ಅನ್ನೋ ಹೊಸ ತಳಿಯೂ ಇದೆ. ಅದೂ ನಮ್ಮ ಜಿಲ್ಲೆಯದೇ. 2023ರಲ್ಲಿ ಸುಧಾಕರ್ ವಿರುದ್ಧ ಕಾಂಗ್ರೆಸ್ ನಿಲ್ಲಿಸಿದ್ದು ಪ್ರದೀಪ್ ಈಶ್ವರ್ ಅವರನ್ನು. ನೀಟ್ ಕೋಚಿಂಗ್ ಮೇಷ್ಟ್ರು. ವರ್ಷಗಟ್ಟಲೆ ಪಕ್ಷದ ಕಚೇರಿಯಲ್ಲಿ ಕುರ್ಚಿ ಸವೆಸಿದವರಲ್ಲ. ಅನಾಥ ಹುಡುಗ ಬೆಳೆದು ನಿಂತ ಕಥೆ, ಸಿನಿಮಾ ಡೈಲಾಗಿನಂಥ ಭಾಷಣ, ಮೊಬೈಲಿನಲ್ಲಿ ಓಡುವ ವಿಡಿಯೋಗಳು. ಮಂತ್ರಿಯನ್ನು 10,642 ಮತಗಳಿಂದ ಸೋಲಿಸಿಬಿಟ್ಟರು. ಸುಳ್ಳು ಹೇಳೋದಿಲ್ಲ, ಆವತ್ತು ನನಗೂ ಖುಷಿಯಾಗಿತ್ತು. ಮೇಷ್ಟ್ರೊಬ್ಬರು ಮಂತ್ರಿಯನ್ನು ಸೋಲಿಸೋದು ಯಾರಿಗೆ ಇಷ್ಟವಾಗಲ್ಲ ಹೇಳಿ?

ಆದರೆ ಅದೇ ವರ್ಷ ಶಾಸಕರು ಬಿಗ್‌ಬಾಸ್ ಮನೆಯೊಳಗೆ ಹೋಗಿ ಬಂದರು. 2024ರಲ್ಲಿ, ನನ್ನ ಕ್ಷೇತ್ರದಲ್ಲಿ ಸುಧಾಕರ್‌ಗೆ ಒಂದು ಓಟು ಲೀಡ್ ಬಂದರೂ ರಾಜೀನಾಮೆ ಕೊಡುತ್ತೇನೆ ಅನ್ನೋ ಅರ್ಥದ ಸವಾಲು ಹಾಕಿದರು. ಲೀಡ್ ಬಂತು, ರಾಜೀನಾಮೆ ಬರಲಿಲ್ಲ. ಇಂಥ ನಾಯಕರು ತಮ್ಮ ಮಾತಿಗೆ ತಾವೇ ಮಾಲೀಕರು. ಟಿಕೆಟ್ಟಿಗಾಗಿ ಯಾವ ಕಾರ್ಯಕರ್ತನನ್ನೂ ಒಪ್ಪಿಸಬೇಕಾಗಿರಲಿಲ್ಲ, ಹಾಗಾಗಿ ಆಮೇಲೂ ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಇದು ಆ ವ್ಯಕ್ತಿಯ ದೋಷ ಅಂತ ನಾನು ಹೇಳೋದಿಲ್ಲ. ಮೇಲಿಂದ ಇಳಿಸಿದ ಯಾರೇ ಆದರೂ ಮೇಲೇ ನೋಡುತ್ತಾರೆ.

ನಾನು ಸಾಫ್ಟ್‌ವೇರಿನವನು, ನಮ್ಮ ಕಸುಬಿನ ಭಾಷೆಯಲ್ಲಿ ಹೇಳುತ್ತೇನೆ. ಹೊಸಬರು ಬರೆದ ಕೋಡ್ ಅಂತ ನಾವು ಯಾವುದನ್ನೂ ಬೇಡ ಅನ್ನೋದಿಲ್ಲ. ಟೀಮಿನವರು ರಿವ್ಯೂ ಮಾಡುತ್ತಾರೆ, ಒಪ್ಪಿಗೆಯಾದರೆ ಒಳಗೆ ಸೇರುತ್ತದೆ. ರಿವ್ಯೂ ಇಲ್ಲದೆ ಮ್ಯಾನೇಜರ್ ರಾತ್ರೋರಾತ್ರಿ ನೇರ ಪ್ರೊಡಕ್ಷನ್ನಿಗೆ ಹಾಕಿಸಿದರೆ, ಬೆಳಗಿನ ಜಾವ ಮೂರಕ್ಕೆ ಫೋನ್ ಬರೋದು ಮಾತ್ರ ಟೀಮಿಗೆ. ಬರೆದವನು ಹೊರಗಿನವನೋ ಒಳಗಿನವನೋ ಅನ್ನೋದು ಅಲ್ಲಿ ಪ್ರಶ್ನೆಯೇ ಅಲ್ಲ. ರಿವ್ಯೂ ಇತ್ತೋ ಇಲ್ಲವೋ ಅನ್ನೋದು ಪ್ರಶ್ನೆ.

ನಮ್ಮ ಪಕ್ಷಗಳಲ್ಲಿ ರಿವ್ಯೂ ಇಲ್ಲ. 1968ರ ಚುನಾವಣಾ ಚಿಹ್ನೆಗಳ ಆದೇಶದ ಪ್ರಕಾರ, ಪಕ್ಷದ ಅಧಿಕೃತ ಅಭ್ಯರ್ಥಿ ಯಾರು ಅಂತ ಹೇಳುವ ಕಾಗದವೇ ಈ ಬಿ ಫಾರಂ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮಧ್ಯಾಹ್ನ ಮೂರರೊಳಗೆ ಅದು ಚುನಾವಣಾಧಿಕಾರಿಯ ಕೈ ಸೇರಬೇಕು. ಅದಕ್ಕೆ ಸಹಿ ಹಾಕುವ ಅಧಿಕಾರ ಪಕ್ಷ ಗೊತ್ತುಮಾಡಿದ ಪದಾಧಿಕಾರಿಗೆ. ಆ ಹೆಸರನ್ನು ಯಾರನ್ನು ಕೇಳಿ ಬರೆದಿರಿ ಅಂತ ಯಾವ ಕಾನೂನೂ ಕೇಳೋದಿಲ್ಲ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಗೆದ್ದ ಶಾಸಕ ಪಕ್ಷದ ವಿಪ್ ಮೀರದಂತೆ ಕಾಯುತ್ತದೆ (ಕಾದದ್ದನ್ನು 2019ರಲ್ಲಿ ನೋಡಿದೆವಲ್ಲ, ಇರಲಿ ಬಿಡಿ). ಅಂದರೆ ಶಾಸಕನಿಂದ ಪಕ್ಷಕ್ಕೆ ರಕ್ಷಣೆ ಇದೆ. ಪಕ್ಷದಿಂದ ಕಾರ್ಯಕರ್ತನಿಗೆ? ಏನೂ ಇಲ್ಲ.

ಇದಕ್ಕೆ ಮದ್ದೇ ಇಲ್ಲ, ರಾಜಕೀಯ ಇರೋದೇ ಹೀಗೆ ಅನ್ನುವವರಿಗೆ ಒಂದು ಮರೆತ ಕಥೆ ಹೇಳುತ್ತೇನೆ. 2014ರಲ್ಲಿ ನಾನಿನ್ನೂ ಪಿಯುಸಿ, ಓಟೂ ಇರಲಿಲ್ಲ. ಆ ವರ್ಷ ಕಾಂಗ್ರೆಸ್ ದೇಶದ ಬೆರಳೆಣಿಕೆಯಷ್ಟು ಲೋಕಸಭಾ ಕ್ಷೇತ್ರಗಳಲ್ಲಿ ಒಂದು ಪ್ರಯೋಗ ಮಾಡಿತು. ಅಭ್ಯರ್ಥಿ ಯಾರಾಗಬೇಕು ಅಂತ ಪಕ್ಷದೊಳಗೇ ಮತದಾನ! ರಾಹುಲ್ ಗಾಂಧಿಯವರ ಯೋಜನೆ. ಕರ್ನಾಟಕದಲ್ಲಿ ಆರಿಸಿದ ಎರಡು ಕ್ಷೇತ್ರ ಯಾವುವು ಗೊತ್ತಾ? ಒಂದು ದಕ್ಷಿಣ ಕನ್ನಡ, ಇನ್ನೊಂದು ಇದೇ ನಮ್ಮ ಪಕ್ಕದ ಬೆಂಗಳೂರು ಉತ್ತರ. ಎಲ್ಲ ಸದಸ್ಯರಿಗೂ ಮತ ಇರಲಿಲ್ಲ, ಪದಾಧಿಕಾರಿಗಳು, ಸ್ಥಳೀಯ ಸಂಸ್ಥೆಗಳ ಪ್ರತಿನಿಧಿಗಳು ಇಂಥವರಿಗೆ ಮಾತ್ರ. ಆದರೂ ಮತಪೆಟ್ಟಿಗೆ ಇತ್ತು, ಎಣಿಕೆ ಇತ್ತು. ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿ ಗೆದ್ದರು. ದಕ್ಷಿಣ ಕನ್ನಡದಲ್ಲಿ ಜನಾರ್ದನ ಪೂಜಾರಿಯವರು ಹರ್ಷ ಮೊಯ್ಲಿಯವರನ್ನು ಸೋಲಿಸಿದರು. ಹರ್ಷ ಆಗ ಕೇಂದ್ರ ಮಂತ್ರಿಯಾಗಿದ್ದ ವೀರಪ್ಪ ಮೊಯ್ಲಿಯವರ ಮಗ! ಮಂತ್ರಿಯ ಮಗ ತನ್ನದೇ ಪಕ್ಷದವರ ಮತದಿಂದ ಸೋಲೋದನ್ನು ಆಮೇಲೆ ಎಲ್ಲಾದರೂ ಕಂಡಿದ್ದೀರಾ?

ಆಮೇಲೆ ಏನಾಯಿತು? ಇಬ್ಬರೂ ಲೋಕಸಭಾ ಚುನಾವಣೆಯಲ್ಲಿ ಸೋತರು. ‘ನೋಡಿ, ಪ್ರಯೋಗ ವಿಫಲ’ ಅಂದುಬಿಟ್ಟರು. ಸ್ವಾಮಿ, ಆ ಸಲ ಕಾಂಗ್ರೆಸ್ಸಿಗೆ ದೇಶದಲ್ಲೇ ಬಂದಿದ್ದು 44 ಸೀಟು. ಹೈಕಮಾಂಡ್ ಕೂತು ಆರಿಸಿದ ನೂರಾರು ಅಭ್ಯರ್ಥಿಗಳೂ ಸೋತರು. ಹೈಕಮಾಂಡ್ ಪದ್ಧತಿ ವಿಫಲ ಅಂತ ಯಾರಾದರೂ ಅಂದರಾ? 2019ಕ್ಕೆ ಬೆಂಗಳೂರು ಉತ್ತರವನ್ನು ಮೈತ್ರಿಯಲ್ಲಿ ಮೊದಲು ಜೆಡಿಎಸ್‌ಗೆ ಬಿಟ್ಟರು. ಜೆಡಿಎಸ್ ಅದನ್ನು ವಾಪಸ್ ಕೊಟ್ಟಿತು, ಕೊನೆ ಗಳಿಗೆಯಲ್ಲಿ ಕೃಷ್ಣ ಬೈರೇಗೌಡರನ್ನು ನಿಲ್ಲಿಸಿದರು. ಐದು ವರ್ಷದ ಹಿಂದೆ ಓಟು ಹಾಕಿ ಅಭ್ಯರ್ಥಿ ಆರಿಸಿದ್ದ ಕ್ಷೇತ್ರದಲ್ಲಿ!

ಬಿಜೆಪಿಯಂತೂ ಅಷ್ಟೂ ಮಾಡಲಿಲ್ಲ. 2014ರಿಂದ ಮಿಸ್ಡ್ ಕಾಲ್ ಕೊಟ್ಟರೆ ಸದಸ್ಯತ್ವ, ಕೋಟಿಗಟ್ಟಲೆ ಸದಸ್ಯರು ಅಂತ ಹೆಮ್ಮೆ ಬೇರೆ. ಮಿಸ್ಡ್ ಕಾಲ್ ಅನ್ನೋದು ಸರಿಯಾದ ಹೆಸರು. ನಾವು ಕಾಲ್ ಮಾಡಬೇಕು, ಆ ಕಡೆಯವರು ಎತ್ತಬಾರದು.

ಈಗ ಎದುರು ವಾದ. ನನ್ನ ಗೆಳೆಯನೊಬ್ಬ ಇದನ್ನೆಲ್ಲ ಕೇಳಿ, "ಅಮೆರಿಕದಲ್ಲಿ ಹಾಗೇ ಮಾಡ್ತಾರಲ್ಲ, ಏನಾಯ್ತು ನೋಡು" ಅಂದ. ಒಳ್ಳೆಯ ಪ್ರಶ್ನೆ, ತಪ್ಪಿಸಿಕೊಳ್ಳುವಂತಿಲ್ಲ. 2016ರಲ್ಲಿ ರಿಪಬ್ಲಿಕನ್ ಪಕ್ಷದ ಹಿರಿಯರು ಟ್ರಂಪ್ ಬೇಡ ಅಂತ ತಲೆತಲೆ ಚಚ್ಚಿಕೊಂಡರು. 2012ರಲ್ಲಿ ಅದೇ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಿದ್ದ ಮಿಟ್ ರೋಮ್ನಿ ಬಹಿರಂಗವಾಗಿ ಭಾಷಣ ಮಾಡಿ ವಿರೋಧಿಸಿದರು. ಪ್ರೈಮರಿಗಳಲ್ಲಿ ಜನ ಟ್ರಂಪ್‌ಗೇ ಓಟು ಹಾಕಿದರು. ಕೆಳಗಿನವರ ಕೈಗೆ ಕೊಟ್ಟರೆ ಬಣ್ಣದ ಮಾತಿನವನೇ ಗೆಲ್ಲುತ್ತಾನೆ ಅನ್ನೋದು ಗೆಳೆಯನ ವಾದ.

ಇರಬಹುದು. ಆದರೆ ಬಾಗಿಲು ಮುಚ್ಚಿ ಆರಿಸಿದ ನಮಗೇನು ತತ್ವಜ್ಞಾನಿಗಳು ಸಿಕ್ಕಿದ್ದಾರಾ? ಬಣ್ಣದ ಮಾತು, ಹಣ, ಜಾತಿ ಲೆಕ್ಕ, ಅಪ್ಪನ ಹೆಸರು ಇವೆಲ್ಲ ಮುಚ್ಚಿದ ಬಾಗಿಲೊಳಗೂ ಸಲೀಸಾಗಿ ಹೋಗುತ್ತವೆ. ಅಮೆರಿಕದ ಮಾದರಿ ಬೇಡವಾದರೆ ಜರ್ಮನಿಯದು ನೋಡಿ. ಅಲ್ಲಿ ಕ್ಷೇತ್ರದ ಅಭ್ಯರ್ಥಿಯನ್ನು ಪಕ್ಷದ ಸದಸ್ಯರೋ ಅವರು ಆರಿಸಿದ ಪ್ರತಿನಿಧಿಗಳೋ ಗುಪ್ತ ಮತದಾನದಿಂದಲೇ ಆರಿಸಬೇಕು ಅಂತ ಚುನಾವಣಾ ಕಾನೂನೇ ಹೇಳುತ್ತದೆ. ದಾರಿಹೋಕರೆಲ್ಲ ಓಟು ಹಾಕುವಂತಿಲ್ಲ, ದುಡಿಯುವ ಸದಸ್ಯರಿಗೆ ಮಾತ್ರ ಹಕ್ಕು. ಅವರು ತಪ್ಪು ಆಯ್ಕೆ ಮಾಡಬಹುದು, ಆದರೆ ತಪ್ಪು ಅವರದೇ ಆಗಿರುತ್ತದೆ. ಮನೆ ಬಾಗಿಲಲ್ಲಿ ಯಾರಾದರೂ ಬೈದರೆ, ‘ಹೌದು, ನಾನೇ ಆರಿಸಿದ್ದು’ ಅಂತ ಹೇಳುವ ಅವಕಾಶವಾದರೂ ಇರುತ್ತದೆ. ಇನ್ನೊಂದು ಲಾಭ, ಎಣಿಕೆಯಲ್ಲಿ ಸೋತ ಆಕಾಂಕ್ಷಿ ಮನೆ ಬಾಗಿಲು ಹಾಕಿಕೊಂಡು ಮುನಿಸಿಕೊಳ್ಳೋದು ಕಷ್ಟ. ಮುಚ್ಚಿದ ಕೋಣೆಯಲ್ಲಿ ಸೋತವನಿಗೆ ಮುನಿಸೊಂದೇ ದಾರಿ.

ಈ ಮುನಿಸು ನಿಲ್ಲೋದೂ ಇಲ್ಲ, ಸುತ್ತುತ್ತಲೇ ಇರುತ್ತದೆ. ಯಶವಂತಪುರದ ಎಸ್.ಟಿ. ಸೋಮಶೇಖರ್ ಸುಧಾಕರ್ ಜೊತೆಗೇ 2019ರಲ್ಲಿ ಬಿಜೆಪಿಗೆ ಬಂದವರು. 2024ರ ಫೆಬ್ರವರಿ ರಾಜ್ಯಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಅಡ್ಡಮತ ಹಾಕಿದರು, 2025ರ ಮೇನಲ್ಲಿ ಉಚ್ಚಾಟನೆಯಾದರು. ಇನ್ನು ಸುಧಾಕರ್? 2025ರ ಜನವರಿಯಲ್ಲಿ ಚಿಕ್ಕಬಳ್ಳಾಪುರಕ್ಕೆ ಹೊಸ ಬಿಜೆಪಿ ಜಿಲ್ಲಾಧ್ಯಕ್ಷರನ್ನು ನೇಮಿಸಿದಾಗ, ತಮ್ಮನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ ಅಂತ ರಾಜ್ಯಾಧ್ಯಕ್ಷ ವಿಜಯೇಂದ್ರ ವಿರುದ್ಧ ಬಹಿರಂಗವಾಗಿಯೇ ಸಿಡಿದೆದ್ದರು. ಹಿಂದಿನ ವರ್ಷ ಇದೇ ಮಾತನ್ನು ಅವರ ವಿರುದ್ಧ ಬೇರೆಯವರು ಆಡಿದ್ದರು! ನಮ್ಮನ್ನ ಯಾರು ಕೇಳ್ತಾರೆ ಅನ್ನೋದು ಕೊನೆಗೆ ಬೂತ್ ಕಾರ್ಯಕರ್ತನ ಮಾತೂ ಹೌದು, ಸಂಸದರ ಮಾತೂ ಹೌದು.

ಇದರ ಜೊತೆ ಇನ್ನೊಂದು ಅನ್ಯಾಯ ಬೆಂಗಳೂರಿನ ಕಾರ್ಯಕರ್ತನಿಗೆ ಆಗಿದೆ. ಮೆಟ್ಟಿಲಿನ ಮೊದಲ ಹಲಗೆ ವಾರ್ಡ್. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದಿದ್ದು 2015ರಲ್ಲಿ. ಆ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು, ಮುಂದಿನ ವರ್ಷಗಳೆಲ್ಲ ಆಡಳಿತಾಧಿಕಾರಿಗಳ ಕೈಯಲ್ಲಿ ಕಳೆದವು. 2025ರಲ್ಲಿ ಬಿಬಿಎಂಪಿಯನ್ನೇ ಒಡೆದು ಐದು ಪಾಲಿಕೆ ಮಾಡಿದರು. ಮೊದಲ ಹಲಗೆಯನ್ನೇ ಕಿತ್ತು ಹಾಕಿ, ಮೇಲೆ ಯಾಕೆ ಸ್ಥಳೀಯರು ಕಾಣೋದಿಲ್ಲ ಅಂತ ಕೇಳಿದರೆ ಹೇಗೆ? ಮೆಟ್ಟಿಲಿಲ್ಲದ ಮನೆಗೆ ಮೇಲಿಂದ ಹಗ್ಗದಲ್ಲಿ ಇಳಿದವರೇ ಬರೋದು. ಇಲ್ಲವೇ ಅಪ್ಪ ಎತ್ತಿ ಕೂರಿಸಿದವರು.

ಅದಕ್ಕೇ ನನ್ನ ಬೇಡಿಕೆ ದೊಡ್ಡದೇನಲ್ಲ. ಲೋಕಸಭೆ, ವಿಧಾನಸಭೆ ಆಮೇಲೆ ನೋಡೋಣ. ವಾರ್ಡ್ ಚುನಾವಣೆಗೆ ಟಿಕೆಟ್ ಕೊಡುವಾಗ ಯಾವುದಾದರೂ ಒಂದು ಪಕ್ಷ, ಯಾವ ಪಕ್ಷವಾದರೂ ಸರಿ, ಒಂದು ಮತಪೆಟ್ಟಿಗೆ ಇಡಲಿ. ಕನಿಷ್ಠ ಎರಡು ವರ್ಷ ಸದಸ್ಯರಾಗಿದ್ದವರು ಸಮುದಾಯ ಭವನಕ್ಕೆ ಬಂದು ಗುಪ್ತವಾಗಿ ಓಟು ಹಾಕಲಿ. ವಲಸಿಗನೂ ನಿಲ್ಲಲಿ, ಶಾಸಕರ ಮಗನೂ ನಿಲ್ಲಲಿ, ಟಿವಿಯಲ್ಲಿ ಮಿಂಚುವವನೂ ನಿಲ್ಲಲಿ. ಗೆದ್ದರೆ ನಮ್ಮವನೇ.

ಇಷ್ಟನ್ನೂ ಮಾವನಿಗೆ ಹೇಳಿ, "ಮುಂದಿನ ಸಲ ‘ಗೋ ಬ್ಯಾಕ್’ ಬೋರ್ಡ್ ಹಿಡಿಯೋ ಬದಲು ‘ನಂಗೂ ಒಂದು ಓಟು ಕೊಡಿ’ ಅಂತ ಬೋರ್ಡ್ ಹಿಡೀರಿ ಮಾವ" ಅಂದೆ.

ಮಾವ ಖಾಲಿ ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಂಗೇನಾದ್ರೂ ಬೋರ್ಡ್ ಹಿಡಿದ್ರೆ, ಮಾರನೇ ದಿನದಿಂದ ನನ್ನೇ ಹೊರಗಿನವ್ನು ಅಂತಾರೆ ಕಣೋ" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾವ ಒಬ್ಬರೇ ಬೋರ್ಡ್ ಹಿಡಿದರೆ ಹಾಗೇ ಆಗುತ್ತದೆ. ಬೀದಿಗೆ ಹತ್ತು ಜನ ಹಿಡಿದರೆ? ನಿಮ್ಮ ಮನೆಯಲ್ಲೂ ಇಂಥ ಒಬ್ಬ ಮಾವನೋ ಚಿಕ್ಕಪ್ಪನೋ ಇದ್ದೇ ಇರುತ್ತಾರೆ, ಯಾವುದೋ ಪಕ್ಷದ ಶಾಲು ಮಡಿಚಿ ಬೀರುವಿನಲ್ಲಿ ಇಟ್ಟುಕೊಂಡವರು. ಒಮ್ಮೆ ಕೇಳಿ ನೋಡಿ, ಅವರ ಅಭ್ಯರ್ಥಿಯನ್ನು ಅವರು ಎಂದಾದರೂ ಆರಿಸಿದ್ದಾರಾ ಅಂತ. ಏನಂದರು ಅಂತ ನನಗೂ ತಿಳಿಸಿ.